ನೆಲೆ ತಪ್ಪಿದವರ ಲೆಕ್ಕವೂ ದಾಸೋಹವೇ

ಬಾಗಿಲಿಗೆ ಬಂದ ಹಸಿದವನಿಗೆ ಅನ್ನವಿಕ್ಕುವುದು ಗೃಹಸ್ಥನ ಧರ್ಮವೆಂಬುದನ್ನು ಲಿಂಗವಂತರ ಮನೆಯಲ್ಲಿ ಯಾರಿಗೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಬಂದವನನ್ನು ಜಂಗಮಸ್ವರೂಪನೆಂದು ಭಾವಿಸಿ ನೀಡುವುದು ತಲೆತಲಾಂತರದಿಂದ ನಡೆದುಬಂದ ಆಚಾರ. ಆದರೆ ಬಾಗಿಲಿಗೆ ಬರಲಾರದವನ ಗತಿಯೇನು? ಹೊಳೆಯ ನೀರು ಊರನ್ನು ನುಂಗಿದಾಗ, ನೆಲ ನಡುಗಿ ಗೋಡೆಗಳು ಉರುಳಿದಾಗ, ಹಗೆಯ ಬೆಂಕಿ ಕೇರಿಗೆ ಹತ್ತಿದಾಗ ಮನೆಮಾರು ಬಿಟ್ಟು ಓಡಿದವನು ಎಲ್ಲಿಯೋ ಮರದಡಿಯಲ್ಲಿ, ಯಾರದೋ ಜಗುಲಿಯ ಮೇಲೆ ದಿನ ನೂಕುತ್ತಿರುತ್ತಾನೆ. ಅವನಿರುವುದೇ ತಿಳಿಯದಿದ್ದರೆ, ನೀಡುವ ಕೈ ಎಷ್ಟು ಉದಾರವಾಗಿದ್ದರೂ ಅವನಿಗೆ ಫಲವೇನು? ಹೀಗೆ ವಿಚಾರಿಸಿದಾಗ, ಲೆಕ್ಕವಿಡುವುದೆಂಬ ಒಣ ಕೆಲಸವೂ ಧರ್ಮವಿಚಾರಕ್ಕೆ ಸೇರಿದುದಾಗುತ್ತದೆ.

ಈ ಕಾಲದಲ್ಲಿ ನೆಲೆ ತಪ್ಪಿದವರ ಸಂಖ್ಯೆಯು ಊಹೆಗೆ ನಿಲುಕದಷ್ಟು ಬೆಳೆದಿದೆ. ನಾರ್ವೆಯ ನಿರಾಶ್ರಿತರ ಮಂಡಳಿಯು 1998ರಲ್ಲಿ ಸ್ಥಾಪಿಸಿದ ಕೇಂದ್ರವೊಂದು ಜಿನೀವಾ ನಗರದಲ್ಲಿದ್ದು, ಸ್ವದೇಶದೊಳಗೇ ನೆಲೆ ಕಳೆದುಕೊಂಡವರ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಅದರ ಪ್ರಕಾರ 2024ರ ಅಂತ್ಯಕ್ಕೆ ಅಂಥವರು 8 ಕೋಟಿ 34 ಲಕ್ಷ ಮಂದಿ. 2011ರ ಜನಗಣತಿಯಲ್ಲಿ ಕರ್ನಾಟಕದ ಸಮಸ್ತ ಜನರ ಸಂಖ್ಯೆ 6 ಕೋಟಿ 11 ಲಕ್ಷವಾಗಿತ್ತೆಂಬುದನ್ನು ನೆನೆದರೆ ಇದರ ಪ್ರಮಾಣವು ಮನಸ್ಸಿಗೆ ಬಂದೀತು. ಇವರಲ್ಲಿ ಸುಮಾರು 98 ಲಕ್ಷ ಜನರನ್ನು ಪ್ರಕೃತಿವಿಕೋಪವು ಓಡಿಸಿತು. ಉಳಿದವರನ್ನು ಮಾನವನ ಹಗೆಯೇ ಓಡಿಸಿತು. ಹಿಂಸೆಗೆ ಅಂಜಿ ದೇಶದ ಗಡಿ ದಾಟಿದವನಿಗೆ 1951ರ ಅಂತರರಾಷ್ಟ್ರೀಯ ಒಪ್ಪಂದವು ನಿರಾಶ್ರಿತನೆಂಬ ಹೆಸರನ್ನೂ ರಕ್ಷೆಯನ್ನೂ ಕೊಟ್ಟಿತು. ಗಡಿಯೊಳಗೇ ಅಲೆಯುವವನಿಗಾದರೋ, ಸುಡಾನಿನ ಫ್ರಾನ್ಸಿಸ್ ಡೆಂಗ್ ಅವರ ಮುಂದಾಳುತನದಲ್ಲಿ ಸಿದ್ಧವಾದ ಮಾರ್ಗದರ್ಶಿ ತತ್ತ್ವಗಳು ವಿಶ್ವಸಂಸ್ಥೆಯ ಮುಂದೆ ಬಂದದ್ದು 1998ರಲ್ಲಿ. ಅಲ್ಲಿಯವರೆಗೂ ಅವನು ಯಾವ ಪಟ್ಟಿಗೂ ಸರಿಯಾಗಿ ಸೇರದವನಾಗಿದ್ದನು.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಮಾನವನ ದುಃಖವನ್ನು ಅಂಕಿಗಳಿಗೆ ಇಳಿಸುವುದು ದಯೆಯ ಲಕ್ಷಣವೇ? ಮನೆ ಕಳೆದುಕೊಂಡವಳ ಕಣ್ಣೀರನ್ನು ಕೋಟಿ ಲಕ್ಷಗಳಲ್ಲಿ ಬರೆದಿಟ್ಟರೆ ಓದುವವನ ಎದೆ ಕರಗುವುದಕ್ಕೆ ಬದಲು ಕಲ್ಲಾಗುವುದಿಲ್ಲವೇ? ಆಕ್ಷೇಪವು ನ್ಯಾಯವಾದುದೇ. ಆದರೆ ಎಣಿಸದೆ ಬಿಡುವುದರಿಂದ ದಯೆಯೇನೂ ಹೆಚ್ಚುವುದಿಲ್ಲ. ದಾಸೋಹದ ಮನೆಯಲ್ಲಿ ಪಂಕ್ತಿಗೆ ಎಷ್ಟು ಮಂದಿ ಕುಳಿತಿರುವರೆಂದು ನೋಡದೆ ಬಡಿಸಹೊರಟವನು ಮೊದಲು ಕುಳಿತವರಿಗೆ ತುಂಬ ನೀಡಿ, ಕೊನೆಗೆ ಕುಳಿತವರನ್ನು ಬರಿಯ ಎಲೆಯ ಮುಂದೆ ಕೂರಿಸಿರುತ್ತಾನೆ. ಎಣಿಸಿದ್ದರಿಂದ ಅವನ ಭಕ್ತಿಗೇನೂ ಕುಂದಿಲ್ಲ. ಎಣಿಸದಿದ್ದುದರಿಂದ ಕಡೆಯವನು ಉಪವಾಸ ಎದ್ದನು.

ಹಾಗಾದರೆ ಯಾವ ಬಗೆಯ ಲೆಕ್ಕ ಧರ್ಮ್ಯವಾದುದು? ಮೊದಲನೆಯದಾಗಿ ಅದು ಸತ್ಯವಾಗಿರಬೇಕು. ಓಡಿದ ಸಲಗಳನ್ನು ಎಣಿಸುವುದು ಬೇರೆ, ಇನ್ನೂ ಹೊರಗುಳಿದ ಜನರನ್ನು ಎಣಿಸುವುದು ಬೇರೆ. 2024ರಲ್ಲಿ ಪ್ರಕೃತಿವಿಕೋಪದಿಂದ ಆದ ಸ್ಥಳಾಂತರಗಳು 4 ಕೋಟಿ 58 ಲಕ್ಷ; ವರ್ಷದ ಕೊನೆಯಲ್ಲಿ ಹೊರಗೇ ಉಳಿದಿದ್ದವರು ಮೇಲೆ ಹೇಳಿದ 98 ಲಕ್ಷ. ಒಬ್ಬನೇ ಮೂರು ಸಲ ಓಡಿದರೆ ಮೊದಲನೆಯ ಲೆಕ್ಕದಲ್ಲಿ ಮೂರಾಗುತ್ತಾನೆ. ಈ ಭೇದವನ್ನು ಮರೆತರೆ ಒಂದು ಕಡೆ ಉತ್ಪ್ರೇಕ್ಷೆ, ಇನ್ನೊಂದು ಕಡೆ ಉಪೇಕ್ಷೆ.

ಎರಡನೆಯದಾಗಿ, ಕಣ್ಣಿಗೆ ಬೀಳದವನನ್ನೂ ಅದು ಅರಸಬೇಕು. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಹರಿದಾಗ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಊರಿಗೆ ಊರೇ ಎದ್ದು ಹೋಯಿತು. ಇಂಥ ಸಮಯದಲ್ಲಿ ಗಂಜಿಕೇಂದ್ರಕ್ಕೆ ಬಂದವರ ಹೆಸರು ಪುಸ್ತಕಕ್ಕೆ ಏರುತ್ತದೆ. ಬೀಗರ ಮನೆಗೋ ತವರಿಗೋ ಹೋದವರ ಹೆಸರು ಸುಲಭವಾಗಿ ತಪ್ಪಿಹೋಗುತ್ತದೆ. ಒಂದೇ ಸೂರಿನಡಿ ಎರಡು ಒಲೆ ಹೂಡಿದ್ದ ಅಣ್ಣತಮ್ಮಂದಿರ ಮನೆ ಬಿದ್ದರೆ, ಮನೆಯ ಸಂಖ್ಯೆ ಒಂದೇ ಆದುದರಿಂದ ಒಂದು ಸಂಸಾರವು ಲೆಕ್ಕದಿಂದ ಹೊರಗುಳಿಯುವ ಸಂಭವವುಂಟು.

ಹೊಸ ಯಂತ್ರಗಳು ಈ ಅರಸುವಿಕೆಗೆ ನೆರವಾಗಿವೆ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾಗಿ ರಾಜಧಾನಿ ಪೋರ್ಟ್ ಓ ಪ್ರಿನ್ಸ್ ನೆಲಸಮವಾದಾಗ, ಜನ ಎತ್ತ ಹೋದರೆಂಬುದು ಯಾರಿಗೂ ಖಚಿತವಾಗಿ ತಿಳಿಯಲಿಲ್ಲ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯ ಸಂಶೋಧಕರು ಮೊದಲಾದವರು ಸುಮಾರು 19 ಲಕ್ಷ ಮೊಬೈಲ್ ಸಿಮ್‌ಗಳ ಚಲನೆಯನ್ನು ಮಾಲೀಕರ ಹೆಸರಿಲ್ಲದೆ ಪರಿಶೀಲಿಸಿ, 19 ದಿನಗಳೊಳಗೆ ಸುಮಾರು 6 ಲಕ್ಷ 30 ಸಾವಿರ ಜನ ನಗರವನ್ನು ಬಿಟ್ಟಿದ್ದರೆಂದು ಅಂದಾಜು ಮಾಡಿದರು. ಅವರು ಯಾವ ಯಾವ ಪ್ರಾಂತಕ್ಕೆ ಹೋದರೆಂಬುದೂ ಇದರಿಂದ ಗೋಚರವಾಯಿತು. ವಿದ್ಯೆಯ ಸದುಪಯೋಗವೆಂದರೆ ಇದೇ. ಆದರೂ ಫೋನು ಹಿಡಿಯದ ಕೂಸು, ಮುದುಕಿ, ಕಡುಬಡವ ಇವರನ್ನು ಆ ಯಂತ್ರವು ನೇರವಾಗಿ ಕಾಣಲಾರದು. ಅವರನ್ನು ಕಾಣಲು ಕಾಲ್ನಡಿಗೆಯಲ್ಲಿ ಹೋಗಿ ವಿಚಾರಿಸುವ ಮನುಷ್ಯನೇ ಬೇಕು.

ಮೂರನೆಯದಾಗಿ, ಲೆಕ್ಕವು ಸಂಖ್ಯೆಯಲ್ಲಿ ನಿಲ್ಲದೆ ಹೆಸರಿನವರೆಗೆ ಹೋಗಬೇಕು. 1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ರೆಡ್‌ಕ್ರಾಸ್ ಸಮಿತಿಯು ಜಿನೀವಾದಲ್ಲಿ ಸೆರೆಯಾಳುಗಳ ಶೋಧನಾಲಯವೊಂದನ್ನು ತೆರೆಯಿತು. ಸೈನಿಕರಷ್ಟೇ ಅಲ್ಲದೆ ಕಾಣೆಯಾದ ಸಾಮಾನ್ಯ ಜನರನ್ನೂ ಹುಡುಕಬೇಕೆಂದು ಡಾಕ್ಟರ್ ಫ್ರೆಡರಿಕ್ ಫೆರಿಯೇರ್ ಎಂಬವರು ಅದರಲ್ಲಿ ಒಂದು ವಿಭಾಗವನ್ನು ನಡೆಸಿದರು. ಶ್ರೀ ರಾಮಕೃಷ್ಣ, ವಿವೇಕಾನಂದರ ಚರಿತ್ರೆಗಳನ್ನು ಬರೆದು ಭಾರತೀಯರಿಗೆ ಆಪ್ತರಾದ ರೊಮಾ ರೋಲಾ ಅವರು ಆ ವಿಭಾಗದಲ್ಲಿ ಸ್ವಯಂಸೇವಕರಾಗಿ ದುಡಿದರು. ತಾಯಿಯೊಬ್ಬಳು ಮಗನನ್ನು ಕೇಳಿ ಬರೆದ ಪತ್ರದಿಂದ ಒಂದು ಚೀಟಿ. ದೂರದ ಶಿಬಿರದಿಂದ ಬಂದ ಪಟ್ಟಿಯಿಂದ ಇನ್ನೊಂದು ಚೀಟಿ. ಇವೆರಡೂ ಒಂದೆಡೆ ಕೂಡಿದಾಗ ಮಗನು ಬದುಕಿರುವನೆಂಬ ವಾರ್ತೆ ತಾಯಿಗೆ ಮುಟ್ಟುತ್ತಿತ್ತು. ಲಕ್ಷಾಂತರ ಚೀಟಿಗಳನ್ನು ಅಕ್ಷರಾನುಕ್ರಮವಾಗಿ ಜೋಡಿಸುವ ಬೇಸರದ ಕೆಲಸವು ಅಲ್ಲಿ ಶುದ್ಧವಾದ ಕಾಯಕವಾಗಿತ್ತು.

ಹೆಸರುಳಿಯದವರ ನೋವನ್ನು ಶರಣಪರಂಪರೆಯು ತನ್ನ ಚರಿತ್ರೆಯಲ್ಲಿಯೇ ಕಂಡಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕದಡಿದಾಗ ಶರಣರೂ ನೆಲೆ ತಪ್ಪಿದವರಾದರು. ಚೆನ್ನಬಸವಣ್ಣನವರೊಡನೆ ಒಂದು ಸಮೂಹವು ಉಳವಿಯ ಕಾಡಿನತ್ತ ನಡೆಯಿತೆಂದು ಸಂಪ್ರದಾಯವು ಹೇಳುತ್ತದೆ. ವಚನದ ಅಂಕಿತದಲ್ಲಿ ಗುರುತು ಉಳಿದವರನ್ನು ನಾಡು ಇಂದಿಗೂ ನೆನೆಯುತ್ತದೆ. ಅವರ ಜೊತೆಯಲ್ಲಿ ಬುತ್ತಿ ಹೊತ್ತವರು, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ನಡೆದವರು ಎಷ್ಟು ಮಂದಿ, ದಾರಿಯಲ್ಲಿ ಅಳಿದವರು ಯಾರು ಎಂಬುದಕ್ಕೆ ಪಟ್ಟಿಯಿಲ್ಲ. ಅವರ ಸಂಕಟವು ಅಂಕಿತವಿದ್ದವರ ಸಂಕಟಕ್ಕಿಂತ ಕಡಿಮೆಯಾಗಿತ್ತೆಂದು ಯಾರು ಹೇಳಬಲ್ಲರು?

ಆದರೆ ಹೆಸರು ಬರೆದಿಡುವುದರಲ್ಲಿಯೂ ಅಪಾಯವಿದೆ. ಓಡಿಸಿದವನ ಕೈಗೇ ಓಡಿದವರ ಪಟ್ಟಿ ಸಿಕ್ಕಿದರೆ ಆ ಲೆಕ್ಕವು ಬಲೆಯಾಗುತ್ತದೆ. 2017ರ ಆಗಸ್ಟ್ ತಿಂಗಳಿಂದ ಬರ್ಮಾ ದೇಶವನ್ನು ಬಿಟ್ಟು 7 ಲಕ್ಷಕ್ಕೂ ಮಿಕ್ಕ ರೋಹಿಂಗ್ಯಾ ಜನ ಬಾಂಗ್ಲಾದೇಶವನ್ನು ಸೇರಿದರು. ಅವರ ವಿವರಗಳು, ಸರಿಯಾದ ಒಪ್ಪಿಗೆಯಿಲ್ಲದೆ, ಅವರು ಬಿಟ್ಟುಬಂದ ಸರ್ಕಾರದ ಕೈಸೇರಿದವೆಂದು ಮಾನವ ಹಕ್ಕುಗಳ ಸಂಸ್ಥೆಯೊಂದು 2021ರಲ್ಲಿ ಆಕ್ಷೇಪಿಸಿತು. ಒಪ್ಪಿಗೆಯನ್ನು ಕೇಳಲಾಗಿತ್ತೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯು ಉತ್ತರಿಸಿತು. ವಾದವೇನೇ ಇರಲಿ, ನೀತಿಯು ಸ್ಪಷ್ಟವಾಗಿದೆ. ದುಃಖಿಯು ನಂಬಿ ಹೇಳಿದ ಹೆಸರು ಅವನು ಇಟ್ಟ ಒತ್ತೆ. ಅದನ್ನು ಅವನ ಹಿತಕ್ಕಲ್ಲದೆ ಬೇರೆಡೆಗೆ ಒಯ್ಯುವುದು ದ್ರೋಹ.

ಕೊನೆಯದಾಗಿ, ಈ ಲೆಕ್ಕವು ಮುಗಿಯುವುದು ಎಂದು? ಡೇರೆ ಕಿತ್ತ ದಿನವಲ್ಲ. ಹಿಂದಿರುಗಿ ಬಂದರೂ, ಹೋದಲ್ಲಿಯೇ ನಿಂತರೂ, ಮೂರನೆಯ ಊರಿನಲ್ಲಿ ನೆಲಸಿದರೂ, ನೆಲೆ ತಪ್ಪಿದುದರಿಂದ ಬಂದ ಕೊರತೆಗಳು ತೀರಿದಾಗಲೇ ಸ್ಥಳಾಂತರವು ಮುಗಿಯಿತೆಂದು 2010ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸೂತ್ರವು ಹೇಳುತ್ತದೆ. ಪಟ್ಟಿಯಿಂದ ಹೆಸರು ಹೊಡೆದುಹಾಕುವುದು ಸುಲಭ. ಬದುಕು ಕಟ್ಟಿಕೊಡುವುದು ಕಷ್ಟ.

ಗೃಹಸ್ಥರು ಜಗತ್ತಿನ ಎಂಟು ಕೋಟಿ ಜನರ ಲೆಕ್ಕವನ್ನು ಇಡಬೇಕಾಗಿಲ್ಲ. ತಮ್ಮ ಓಣಿಗೆ ನೆರೆಯಿಂದಲೋ ಬರದಿಂದಲೋ ಗಲಭೆಯಿಂದಲೋ ಬಂದು ಸೇರಿದವರಾರು, ಅವರ ಮಕ್ಕಳು ಸಾಲೆಗೆ ಹೋಗುತ್ತಿವೆಯೇ, ಅವರಿಗೆ ರೇಷನ್ ಚೀಟಿ ದೊರೆತಿದೆಯೇ, ಅವರ ಮನೆಯ ಹಿರಿಯರು ಯಾವ ಊರಿನಲ್ಲಿ ಉಳಿದರು ಎಂಬಷ್ಟನ್ನು ವಿಚಾರಿಸಿದರೆ ಸಾಕು. ಪಂಚಾಯಿತಿಯವರು ಪಟ್ಟಿ ಮಾಡಲು ಬಂದಾಗ, ತಪ್ಪಿಹೋದ ಒಂದು ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯಿಸಿದವನು ಒಂದು ಪಂಕ್ತಿಗೆ ಬಡಿಸಿದಷ್ಟೇ ದಾಸೋಹವನ್ನು ಮಾಡಿರುತ್ತಾನೆ.