ಕೊಂಡಿ ಕಿತ್ತಾಗ ಕರ್ಮ ಯಾರದು

ಕರ್ಮದ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಹೆಚ್ಚಾಗಿ ಯಜ್ಞ, ಯುದ್ಧ, ಬೇಟೆ, ಭಿಕ್ಷೆ ಮೊದಲಾದ ಸಂದರ್ಭಗಳನ್ನು ಎದುರಿಗಿಟ್ಟುಕೊಂಡು ಚರ್ಚಿಸಿವೆ. ಅಲ್ಲೆಲ್ಲ ಮಾಡುವವನೂ ಮಾಡಿದ್ದರ ಫಲವೂ ಬಹುಮಟ್ಟಿಗೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಕಣ್ಣಿಗೆ ಬೀಳುತ್ತವೆ. ಯಂತ್ರಗಳ ಕಾಲದಲ್ಲಿ ಇವೆರಡರ ನಡುವಿನ ಅಂತರ ಹಿಗ್ಗಿದೆ. ಪಶ್ಚಿಮ ಬೆಂಗಳೂರಿನಲ್ಲಿ, ರಾಜಾಜಿನಗರದ ಕೈಗಾರಿಕಾ ಪ್ರದೇಶದಿಂದ ಕಾಮಾಕ್ಷಿಪಾಳ್ಯಕ್ಕೂ ಅಲ್ಲಿಂದಾಚೆ ಮಾಗಡಿ ರಸ್ತೆ, ಮೈಸೂರು ರಸ್ತೆಗಳ ಅಕ್ಕಪಕ್ಕಕ್ಕೂ ಹಬ್ಬಿರುವ ಲೇತು, ವೆಲ್ಡಿಂಗ್, ಫ್ಯಾಬ್ರಿಕೇಷನ್ ಅಂಗಡಿಗಳಲ್ಲಿ ಯಾವುದೋ ಒಂದು ಮಧ್ಯಾಹ್ನ ಜೀಪೊಂದಕ್ಕೆ ಬಿಗಿದ ಉಕ್ಕಿನ ತುಂಡು, ಎರಡು ಮಳೆಗಾಲ ಕಳೆದ ಮೇಲೆ ಸಕಲೇಶಪುರದ ಕಾಫಿ ತೋಟದ ಕೆಸರಿನಲ್ಲೋ ಕೊಡಗಿನ ಮಾಂದಲಪಟ್ಟಿಯ ಏರಿನಲ್ಲೋ ಮೊದಲ ಬಾರಿಗೆ ಪೂರ್ಣ ಭಾರ ಹೊರಬೇಕಾಗಬಹುದು. ಆಗ ಅದು ಕಿತ್ತು ಹಾರಿ ಒಬ್ಬನ ಪ್ರಾಣ ತೆಗೆದರೆ, ಆ ಕರ್ಮ ಎಳೆದವನದೋ, ಸಿಕ್ಕಿಕೊಂಡವನದೋ, ಎಂದೋ ಬಿಗಿದವನದೋ ಅಥವಾ ಸುಲಭವಾಗಿ ಹೇಳಿಬಿಡುವಂತೆ ವಿಧಿಯದೋ ಎಂಬುದು ಇಲ್ಲಿನ ವಿಚಾರ.

ವಸ್ತುವಿನ ಪರಿಚಯವಿಲ್ಲದೆ ಈ ವಿಚಾರ ಮುಂದುವರಿಯದು. ಕೆಸರಿನಲ್ಲೋ ಮರಳಿನಲ್ಲೋ ಹೂತ ಫೋರ್‌ವೀಲ್ ಡ್ರೈವ್ ವಾಹನವನ್ನು ಇನ್ನೊಂದು ವಾಹನದಿಂದ ಅಥವಾ ವಿಂಚ್ ಎಂಬ ಹಗ್ಗ ಸುತ್ತುವ ಯಂತ್ರದಿಂದ ಎಳೆದು ತೆಗೆಯುವುದಕ್ಕೆ ರಿಕವರಿ ಎಂದೂ, ಎಳೆಯುವ ಬೆಲ್ಟನ್ನು ಸಿಕ್ಕಿಸಲೆಂದೇ ಚಾಸಿಗೆ, ಅಂದರೆ ವಾಹನದ ಇಡೀ ಭಾರ ಹೊತ್ತ ಉಕ್ಕಿನ ಚೌಕಟ್ಟಿಗೆ, ಭದ್ರಪಡಿಸಿದ ಕೊಂಡಿಗೆ ರಿಕವರಿ ಪಾಯಿಂಟ್ ಎಂದೂ ಹೆಸರು. ವಾಹನದ ಅಡಿಯಲ್ಲಿ ಕಾಣುವ ಕೊಂಡಿಗಳೆಲ್ಲ ಇಂಥವಲ್ಲ. ಕಾರ್ಖಾನೆಯಿಂದ ಹೊರಡುವ ವಾಹನವನ್ನು ಲಾರಿಯ ಮೇಲೆ ಅಲುಗಾಡದಂತೆ ಕಟ್ಟಲು ಇಟ್ಟ ತೆಳುವಾದ ಬಳೆಗಳೂ ಅಲ್ಲಿರುತ್ತವೆ. ಹಿಂಬದಿಯಲ್ಲಿ ಟ್ರೇಲರ್ ಎಳೆಯುವ ಗುಂಡು, ಅಂದರೆ ಟೋ ಬಾಲ್, ಇದ್ದರೂ ಅದು ಒಂದೇ ಸಮನಾದ ಎಳೆತಕ್ಕೆ ಲೆಕ್ಕ ಹಾಕಿದ್ದೇ ಹೊರತು ಹಠಾತ್ ಜಗ್ಗಿಗಲ್ಲ. ಜಗ್ಗಿದಾಗ ಅದರ ಕುತ್ತಿಗೆ ಮುರಿದರೆ ಗುಂಡು ಬೆಲ್ಟಿನ ಸೆಳೆತದಿಂದ ಹಾರಿ ಎದುರಿನ ಗಾಜನ್ನು ಒಡೆದು ಒಳನುಗ್ಗುತ್ತದೆ. ಆಸ್ಟ್ರೇಲಿಯಾದಲ್ಲಿ ಇಂಥ ಸಾವುಗಳು ಸಂಭವಿಸಿವೆ. ಅಲ್ಲಿ ಇಂಥ ಬೆಲ್ಟುಗಳ ಮೇಲೆ ಎಚ್ಚರಿಕೆಯ ಬರಹ ಇರಲೇಬೇಕೆಂದು ಕಾನೂನೂ ಇದೆ.

ಈ ಬಲದ ಪ್ರಮಾಣವನ್ನು ಅಂದಾಜಿಸುವುದು ಕಷ್ಟವಲ್ಲ. 2,000 ಕಿಲೋ ತೂಕದ ವಾಹನ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಮುನ್ನುಗ್ಗಿ ಬೆಲ್ಟನ್ನು ಬಿಗಿಗೊಳಿಸಿದರೆ ಅದರ ಚಲನಶಕ್ತಿ ಸುಮಾರು 17 ಕಿಲೋಜೂಲ್. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿ. ಒಂಬತ್ತು ಮೀಟರಿನ ನೈಲಾನ್ ಬೆಲ್ಟು ಐದರಲ್ಲೊಂದು ಪಾಲು ಹಿಗ್ಗಿ ಈ ಶಕ್ತಿಯನ್ನು ಹೀರಿಕೊಂಡರೆ ಕೊಂಡಿಯ ಮೇಲೆ ಬೀಳುವ ಗರಿಷ್ಠ ಸೆಳೆತ ಸುಮಾರು ಎರಡು ಟನ್ನು; ಅದೇ ಶಕ್ತಿ ಹಿಗ್ಗದ ಸರಪಣಿಯಲ್ಲಿ ಐದೇ ಸೆಂಟಿಮೀಟರ್ ಒಳಗೆ ನಿಲ್ಲಬೇಕಾದರೆ ಎಪ್ಪತ್ತು ಟನ್ನು, ಅಂದರೆ ಏನಾದರೊಂದು ತುಂಡಾಗಲೇಬೇಕು. ಕೆಸರಿನ ಹಿಡಿತವನ್ನೂ ಎಳೆಯುವ ಎಂಜಿನ್ನಿನ ಬಲವನ್ನೂ ಈ ಲೆಕ್ಕದಲ್ಲಿ ಇನ್ನೂ ಸೇರಿಸಿಲ್ಲ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮ ಸಿದ್ಧಿಸಲು ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಅಂದರೆ ಕರ್ಮ ನಿಂತಿರುವ ನೆಲೆ, ಕರ್ತೃ, ಕರಣ, ಅಂದರೆ ಸಾಧನಗಳು, ಬಗೆಬಗೆಯ ಚೇಷ್ಟೆಗಳು, ಅಂದರೆ ಪ್ರಯತ್ನಗಳು, ಕೊನೆಯದಾಗಿ ದೈವ. ವ್ಯಾಖ್ಯಾನಕಾರರು ಅಧಿಷ್ಠಾನವೆಂದರೆ ದೇಹವೆಂದು ಅರ್ಥೈಸಿದ್ದಾರೆ. ಆದರೂ ಈ ಪಂಚಕವನ್ನು ರಿಕವರಿಯ ಪ್ರಸಂಗಕ್ಕೆ ಅನ್ವಯಿಸುವುದು ಅತಿಕ್ರಮವೇನಲ್ಲ. ಚಾಸಿ ಮತ್ತು ಕೊಂಡಿ ಅಧಿಷ್ಠಾನ, ಚಾಲಕ ಕರ್ತೃ, ಬೆಲ್ಟು ಮತ್ತು ಶ್ಯಾಕಲ್ ಎಂಬ ಬಿಲ್ಲಿನಾಕಾರದ ಕೀಲು ಕರಣ, ಎಳೆಯುವ ಕೋನ ಮತ್ತು ವೇಗ ಚೇಷ್ಟೆ. ದೈವ ಐದನೆಯದು ಎಂಬುದಕ್ಕೆ ಇಲ್ಲಿ ಮಹತ್ವವಿದೆ. ಅವಘಡವಾದ ಮೇಲೆ ಜನ ಈ ಪಟ್ಟಿಯನ್ನು ತಲೆಕೆಳಗಾಗಿ ಓದುತ್ತಾರೆ. ಹಣೆಬರಹ, ಗ್ರಹಚಾರ, ಆಯುಷ್ಯ ಅಷ್ಟೇ ಇತ್ತು ಎಂಬ ಮಾತುಗಳಲ್ಲಿ ಮೊದಲ ನಾಲ್ಕು ಮರೆಯಾಗಿ ಐದನೆಯದೇ ಉಳಿಯುತ್ತದೆ. ದುಃಖದಲ್ಲಿರುವವರಿಗೆ ಈ ಮಾತು ನೆಮ್ಮದಿ ಕೊಡುವುದಾದರೆ ಅದಕ್ಕೆ ಯಾರೂ ಅಡ್ಡಬರಬೇಕಾಗಿಲ್ಲ. ಬೋಲ್ಟು ಬಿಗಿದವನ ಬಾಯಿಂದ ಅದೇ ಮಾತು ಬಂದಾಗ ಮಾತ್ರ ಅದು ಸಾಂತ್ವನವಾಗಿ ಉಳಿಯುವುದಿಲ್ಲ.

ಬಿಗಿದವನಿಗೆ ಕೊಲ್ಲುವ ಉದ್ದೇಶವಿರಲಿಲ್ಲ ಎಂಬುದು ಅವನ ಪರವಾಗಿ ಹೇಳಬಹುದಾದ ಬಲವಾದ ಮಾತು. ಚೇತನೆಯೇ, ಅಂದರೆ ಸಂಕಲ್ಪವೇ ಕರ್ಮ ಎಂಬ ಬೌದ್ಧ ನಿಲುವು ಈ ಮಾತಿಗೆ ಆಸರೆ ಕೊಡುವಂತೆ ಕಾಣುತ್ತದೆ. ಮಜ್ಝಿಮನಿಕಾಯದ ಉಪಾಲಿ ಸುತ್ತದಲ್ಲಿ ಇದೇ ವಿಷಯವಾಗಿ ಬುದ್ಧನಿಗೂ ನಿರ್ಗ್ರಂಥರ, ಅಂದರೆ ಜೈನರ, ಅನುಯಾಯಿ ಉಪಾಲಿಗೂ ವಾದ ನಡೆಯುತ್ತದೆ. ಕಾಯದ ಕರ್ಮ ಹೆಚ್ಚು ಭಾರದ್ದೋ ಮನಸ್ಸಿನ ಕರ್ಮವೋ ಎಂಬುದು ಅಲ್ಲಿನ ಪ್ರಶ್ನೆ. ಬೌದ್ಧ ಗ್ರಂಥವಾದ್ದರಿಂದ ಮನಸ್ಸಿನ ಪಕ್ಷವೇ ಗೆಲ್ಲುತ್ತದೆ. ಆದರೆ ಜೈನರ ನಿಜವಾದ ನಿಲುವು ಆ ವಾದದಲ್ಲಿ ಕಾಣಿಸುವಷ್ಟು ಸರಳವಲ್ಲ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹಿಂಸೆಯನ್ನು ಲಕ್ಷಣೀಕರಿಸುವಾಗ ಪ್ರಾಣಹಾನಿಯನ್ನಷ್ಟೇ ಹೇಳದೆ, ಪ್ರಮಾದದಿಂದ ಕೂಡಿದ ವ್ಯಾಪಾರದಿಂದಾಗುವ ಪ್ರಾಣಹಾನಿ ಎಂದು ಬಿಗಿಗೊಳಿಸುತ್ತದೆ. ಪ್ರಮಾದವೆಂದರೆ ಎಚ್ಚರಗೇಡಿತನ, ಕಷಾಯಗಳಿಗೆ, ಅಂದರೆ ಕ್ರೋಧ ಲೋಭಾದಿಗಳಿಗೆ, ವಶವಾಗಿ ವಹಿಸಬೇಕಾದ ಎಚ್ಚರವನ್ನು ವಹಿಸದಿರುವುದು. ಅಮೃತಚಂದ್ರನ ಪುರುಷಾರ್ಥಸಿದ್ಧ್ಯುಪಾಯ ಇದರ ಎರಡೂ ತುದಿಗಳನ್ನು ಹಿಡಿದು ವಿಚಾರವನ್ನು ಕೊನೆಯವರೆಗೆ ಒಯ್ಯುತ್ತದೆ: ಪ್ರಮತ್ತನಾದವನಿಗೆ ಜೀವಿ ಸತ್ತರೂ ಸಾಯದಿದ್ದರೂ ಹಿಂಸೆ ತಪ್ಪಿದ್ದಲ್ಲ, ತಕ್ಕ ಎಚ್ಚರದಿಂದ ನಡೆದವನಿಂದ ಜೀವಿಯೊಂದು ಸತ್ತರೂ ಅವನಿಗೆ ಹಿಂಸೆಯಿಲ್ಲ.

ಈ ಮಾತಿನ ಕಠೋರತೆ ಗಮನಾರ್ಹ. ಇದರ ಪ್ರಕಾರ ಕಿತ್ತುಹೋಗಬಲ್ಲ ಕೊಂಡಿಯೊಂದನ್ನು ತಿಳಿದೂ ಅಥವಾ ತಿಳಿಯುವ ಶ್ರಮ ತೆಗೆದುಕೊಳ್ಳದೆ ಬಿಗಿದು ಕೊಟ್ಟವನ ಹಿಂಸೆ ಕಾಮಾಕ್ಷಿಪಾಳ್ಯದ ಆ ಮಧ್ಯಾಹ್ನವೇ ಮುಗಿದಿರುತ್ತದೆ. ಜೀಪು ಎಂದೂ ಕೆಸರಿಗಿಳಿಯದೆ ವಿಜಯನಗರದ ಮನೆಯೊಂದರ ಮುಂದೆ ನಿಂತೇ ಹಳತಾದರೂ ಲೆಕ್ಕ ಬದಲಾಗುವುದಿಲ್ಲ. ನ್ಯಾಯಾಲಯವೊಂದು ಹೀಗೆ ಎಣಿಸಲಾರದು, ಎಣಿಸಲೂ ಬಾರದು, ಏಕೆಂದರೆ ಹಾನಿಯಾಗದೆ ಅದಕ್ಕೆ ಕೈಹಾಕಲು ವಸ್ತುವೇ ಇರುವುದಿಲ್ಲ. ಆದರೆ ಧರ್ಮವಿಚಾರಕ್ಕೆ ಆ ಮಿತಿಯಿಲ್ಲ. ಸಂಕಲ್ಪವನ್ನಷ್ಟೇ ಎಣಿಸುವವರಿಗಿಂತ ಪ್ರಮಾದವನ್ನು ಎಣಿಸಿದವರು ಯಂತ್ರಯುಗದ ಕರ್ಮವನ್ನು ಹೆಚ್ಚು ಸರಿಯಾಗಿ ಹಿಡಿದಿದ್ದಾರೆ ಎಂದೇ ಹೇಳಬೇಕಾಗುತ್ತದೆ.

ಎಚ್ಚರ ಎಂಬುದು ಇಲ್ಲಿ ಭಾವನೆಯ ಹೆಸರಲ್ಲ, ಅಳೆಯಬಹುದಾದ ಕೆಲಸಗಳ ಹೆಸರು. ಬೋಲ್ಟಿನ ತಲೆಯ ಮೇಲೆ 8.8 ಎಂದಿದ್ದರೆ ಅದರ ಉಕ್ಕು ಚದರ ಮಿಲಿಮೀಟರಿಗೆ 800 ನ್ಯೂಟನ್ ಸೆಳೆತಕ್ಕೆ ತುಂಡಾಗುವಂಥದೆಂದೂ, ಅದರ ಶೇಕಡಾ 80ರಷ್ಟು ಸೆಳೆತಕ್ಕೇ ಹಿಂದಿರುಗದಂತೆ ಹಿಗ್ಗತೊಡಗುವಂಥದೆಂದೂ ಅರ್ಥ. ಗ್ಯಾರೇಜುಗಳಲ್ಲಿ ಎಚ್‌ಟಿ ಬೋಲ್ಟ್ ಎನ್ನುವುದು ಇದನ್ನೂ ಇದಕ್ಕಿಂತ ಗಟ್ಟಿಯಾದ 10.9 ಅನ್ನೂ. ಸಾಮಾನ್ಯವಾದ 4.6 ಬೋಲ್ಟು ನೋಡಲು ಹಾಗೆಯೇ ಇದ್ದು, ಅದೇ ರಂಧ್ರಕ್ಕೆ ಸರಿಹೊಂದಿ, ಅರ್ಧದಷ್ಟೇ ಬಲ ಹೊಂದಿರುತ್ತದೆ. ಪೈಂಟು ಬಳಿದ ಮೇಲೆ ಇವೆರಡರ ಭೇದ ಬಿಗಿದವನಿಗಲ್ಲದೆ ಬೇರೆ ಯಾರಿಗೂ ಗೊತ್ತಾಗುವಂತಿಲ್ಲ. ಚಾಸಿಯ ತೆಳುವಾದ ಗೋಡೆಗೆ ಬರಿಯ ವಾಷರ್ ಇಟ್ಟು ಬಿಗಿದರೆ ಭಾರ ರಂಧ್ರದ ಅಂಚಿನಲ್ಲೇ ಕೇಂದ್ರೀಕರಿಸಿ ಲೋಹ ಹರಿಯಬಹುದು. ಒಳಗಡೆ ದಪ್ಪ ತಗಡೊಂದನ್ನು ಕೊಟ್ಟರೆ ಭಾರ ಹರಡಿಕೊಳ್ಳುತ್ತದೆ. ಹೆಚ್ಚು ಬಲದ ಉಕ್ಕಿನ ಮೇಲೆ ಮನಬಂದಂತೆ ವೆಲ್ಡಿಂಗ್ ಮಾಡಿದರೆ ಕಾವು ತಗುಲಿದ ಪಟ್ಟಿಯಲ್ಲಿ ಆ ಬಲವೇ ಕುಗ್ಗುವುದರಿಂದ, ವಾಹನ ತಯಾರಕರು ಬಿಟ್ಟ ರಂಧ್ರಗಳಿಗೆ ಬೋಲ್ಟು ಹಾಕುವುದೇ ಲೇಸು. ಎರಡು ಕೊಂಡಿಗಳಿಗೆ ಭಾರ ಹಂಚುವ ಬೆಲ್ಟಿನ ಎರಡು ಎಳೆಗಳ ನಡುವೆ 60 ಡಿಗ್ರಿ ಕೋನವಿದ್ದರೆ ಪ್ರತಿಯೊಂದರ ಮೇಲೆ ಒಟ್ಟು ಸೆಳೆತದ ಶೇಕಡಾ 58 ಬೀಳುತ್ತದೆ. ಕೋನ 120 ಡಿಗ್ರಿಗೆ ಅಗಲಿಸಿದರೆ ಒಂದೊಂದೂ ಪೂರ್ತಿ ಸೆಳೆತವನ್ನೇ ಹೊರುತ್ತದೆ, ಹಂಚಿಕೆ ಹೆಸರಿಗಷ್ಟೇ ಉಳಿಯುತ್ತದೆ. ಜೈನ ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡವಳಿಕೆಗಳಲ್ಲಿ, ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ನೋಡಿ ನಡೆಯಬೇಕೆಂಬ ಆದಾನ ನಿಕ್ಷೇಪಣ ಸಮಿತಿ ಒಂದು. ಟಾರ್ಕ್ ರೆಂಚ್ ಹಿಡಿದು ನಿಗದಿಯಾದ ಬಿಗಿತಕ್ಕೇ ಬೋಲ್ಟನ್ನು ತಿರುಗಿಸುವ ಕೈ ಆ ಸಮಿತಿಗೆ ಅಷ್ಟೇನೂ ದೂರದ್ದಲ್ಲ.

ಶರಣರ ಕಾಯಕತತ್ತ್ವ ಇದೇ ವಿಚಾರಕ್ಕೆ ಬೇರೆ ದಾರಿಯಿಂದ ಬರುತ್ತದೆ. ಬಸವಣ್ಣನ ಸಮಕಾಲೀನ ನುಲಿಯ ಚಂದಯ್ಯನದು ಹುಲ್ಲು ಕೊಯ್ದು ಹಗ್ಗ ಹೊಸೆಯುವ ಕಾಯಕ. ಹದಿನೈದನೆಯ ಶತಮಾನದಿಂದ ಸಂಕಲನಗೊಳ್ಳುತ್ತ ಬಂದ ಶೂನ್ಯಸಂಪಾದನೆಯ ಪರಂಪರೆಯಲ್ಲಿ ಅವನ ಪ್ರಸಂಗ ಪ್ರಸಿದ್ಧ: ಹುಲ್ಲು ಕೊಯ್ಯಲು ಬಾಗಿದಾಗ ಕೊರಳಿನ ಲಿಂಗ ನೀರಿಗೆ ಬೀಳುತ್ತದೆ, ಅವನು ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆಯೊಡನೆ ನಡೆದುಬಿಡುತ್ತಾನೆ, ಕೊನೆಗೆ ಲಿಂಗವೇ ಅವನ ಕಾಯಕಕ್ಕೆ ಒಳಪಡಬೇಕಾಗುತ್ತದೆ. ಗುರು, ಲಿಂಗ, ಜಂಗಮ ಯಾರಿಗೂ ಕಾಯಕದಿಂದ ವಿನಾಯಿತಿಯಿಲ್ಲ ಎಂಬುದು ಅಲ್ಲಿನ ನಿಲುವು. ಈ ಕಥೆಯನ್ನು ದುಡಿಮೆಯ ಹೊಗಳಿಕೆಯಾಗಿ ಉದ್ಧರಿಸುವುದು ವಾಡಿಕೆ. ಹೊಸೆದ ವಸ್ತು ಹಗ್ಗ ಎಂಬುದರತ್ತ ಗಮನ ಹರಿಯುವುದು ಕಡಿಮೆ. ಹಗ್ಗ ಕೊಂಡವನು ಅದನ್ನು ಬಾವಿಗೆ ಇಳಿಬಿಡುತ್ತಾನೆ, ಎತ್ತಿಗೆ ಕಟ್ಟುತ್ತಾನೆ, ತಾನೇ ಹಿಡಿದು ಇಳಿಯುತ್ತಾನೆ. ಹೊಸೆದವನು ಆಗ ಅಲ್ಲಿರುವುದಿಲ್ಲ. ಕೊಳ್ಳುವವನ ಮುಖವನ್ನು ಮುಂದೆಂದೂ ನೋಡದವನ ಕೆಲಸವೂ ಪೂಜೆಯಷ್ಟೇ ಶುದ್ಧವಾಗಿರಬೇಕೆಂದರೆ, ಆ ಶುದ್ಧಿ ಎಳೆಯೊಳಗೆ ಎಳೆ ಸೇರುವಲ್ಲಿ, ಹೊರಗೆ ಕಾಣದ ಕಡೆಯಲ್ಲೇ ಇರಬೇಕಲ್ಲವೆ?

ಆಯುಧಪೂಜೆಯ ದಿನ ಬಸವೇಶ್ವರನಗರದ ಬೀದಿಗಳಲ್ಲಿ ವಾಹನಗಳಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕುಂಬಳಕಾಯಿ ಒಡೆದು ಆರತಿ ಎತ್ತುತ್ತಾರೆ. ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಸಾಧನವನ್ನು ವರ್ಷಕ್ಕೊಮ್ಮೆಯಾದರೂ ನಿಲ್ಲಿಸಿ, ತೊಳೆದು, ಅದರೆದುರು ಕೈಮುಗಿಯುವ ಆಚಾರಕ್ಕೆ ತನ್ನದೇ ಅರ್ಥವಿದೆ. ಕೊರತೆಯೆಂದರೆ ಕುಂಕುಮ ಬಾನೆಟ್ಟಿಗೆ ಸಲ್ಲುತ್ತದೆ, ಚಾಸಿಯ ಕಡೆಗೆ ಯಾರೂ ಬಗ್ಗುವುದಿಲ್ಲ. ಒಮ್ಮೆ ಬಲವಾಗಿ ಜಗ್ಗಿಸಿಕೊಂಡ ಕೊಂಡಿಯ ರಂಧ್ರ ಉದ್ದವಾಗಿದೆಯೋ, ಬೋಲ್ಟು ಬಾಗಿದೆಯೋ, ವೆಲ್ಡಿಂಗಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದೆಯೋ ನೋಡಲು ತೊಳೆದ ವಾಹನಕ್ಕಿಂತ ಅನುಕೂಲವಾದ ಸಂದರ್ಭ ಇನ್ನೊಂದಿರಲಾರದು.

ಇಷ್ಟಾದರೂ ಹೊಣೆಯೆಲ್ಲವನ್ನೂ ಬಿಗಿದವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಜೈನ ಶಾಸ್ತ್ರ ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದು ವಿಂಗಡಿಸುತ್ತದೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡುವುದನ್ನು ನೋಡಿ ಒಪ್ಪಿದ್ದು, ಮೂರೂ ಕರ್ಮವೇ. ಕಡಿಮೆ ಹಣಕ್ಕೆ ನೋಡಲು ಭರ್ಜರಿಯಾದದ್ದು ಬೇಕೆಂದು, ಚಾಸಿಗಲ್ಲದೆ ಬರಿಯ ಬಂಪರಿಗೆ ಕೆಂಪು ಬಣ್ಣದ ಶ್ಯಾಕಲ್ ತಗುಲಿಸಿ ಕೊಡುವಂತೆ ಹಠ ಹಿಡಿಯುವ ಮಾಲೀಕನದು ಕಾರಿತ. ಪಾದಚಾರಿಗಳಿಗಾಗುವ ಅಪಾಯವನ್ನೂ ಸೇರಿಸಿ ಯೋಚಿಸಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ಬಂಪರಿನ ಮುಂದೆ ಬಿಗಿಯುವ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಬರೆದದ್ದು ಇಂಥದೇ ಬಯಕೆಯ ಇನ್ನೊಂದು ರೂಪದ ವಿರುದ್ಧ. ವಾಹನದ ಮೂಲರೂಪವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮೊದಲೇ ನಿರ್ಬಂಧಿಸಿತ್ತು. ಕೊಂಡಿ ಗಟ್ಟಿಯಿದೆಯೇ ಎಂದು ಎಳೆಯಲು ಬಂದವನು ಕೇಳಿದಾಗ, ಎಂದೂ ಬಗ್ಗಿ ನೋಡದೆಯೇ ಮಾಲೀಕ ಗಟ್ಟಿಯಿದೆ ಎಂದುಬಿಡುವ ಆ ಒಂದು ಮಾತು ಕೃತಕ್ಕೇ ಸೇರುತ್ತದೆ. ಬೆಲ್ಟಿನ ಉದ್ದಕ್ಕಿಂತ ಒಂದೂವರೆ ಪಟ್ಟು ದೂರದಲ್ಲಿ ನಿಲ್ಲಬೇಕಾದ ಜಾಗದಲ್ಲಿ ಕೈಯಳತೆಯಲ್ಲೇ ಮೊಬೈಲು ಹಿಡಿದು ನಿಂತು, ಇನ್ನೂ ಜೋರಾಗಿ ಎಳಿ ಎಂದು ಕೂಗುವವರದು ಅನುಮೋದಿತ. ಆ ಕೊಂಡಿ ಹಾರಿದರೆ ಮೊದಲು ತಲುಪುವುದೂ ಅವರನ್ನೇ.