ಗುಣವಾಗುವುದೆಂದರೆ ಏನು?

ಭಾನುವಾರದ ಪೂಜೆ ಮುಗಿಸಿ ದೇವಾಲಯದ ಮೆಟ್ಟಿಲಿಳಿಯುವಾಗ ಪರಿಚಯದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಅಣ್ಣಾರು ಈಗ ಹೆಂಗದಾರ? ಪೂರ್ತಿ ಆರಾಮ ಆದ್ರೇನು?" ಪ್ರೀತಿಯಿಂದಲೇ ಕೇಳುತ್ತಾರೆ. ನಾನೂ "ದೇವರ ದಯಾ, ಆರಾಮದಾರ್ರಿ" ಎಂದು ಹೇಳಿ ಮುಂದೆ ನಡೆಯುತ್ತೇನೆ. ಆದರೆ ಮನೆ ಸೇರುವವರೆಗೂ ಆ ಉತ್ತರ ಮನಸ್ಸನ್ನು ಚುಚ್ಚುತ್ತಿರುತ್ತದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ನನ್ನ ಅಣ್ಣ ಖಾನಾಪುರದಲ್ಲಿ ಗೌಂಡಿ. ಮೂರು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಬೆಳಗಾವಿಯಿಂದ ಬೈಕಿನ ಮೇಲೆ ಮರಳುವಾಗ ದೇಸೂರಿನ ಆಚೆ ಜಾರಿ ಬಿದ್ದ. ಹೆಲ್ಮೆಟ್ ಬೈಕಿನ ಹಿಡಿಕೆಗೆ ನೇತಾಡುತ್ತಿತ್ತು, ತಲೆಯ ಮೇಲಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಟೆಂಪೋ ಚಾಲಕ ಅವನನ್ನು ಎತ್ತಿ ಹಾಕಿಕೊಂಡು ಬೆಳಗಾವಿಯ ಆಸ್ಪತ್ರೆಗೆ ಮುಟ್ಟಿಸಿದ. ಆತನ ಹೆಸರು, ಜಾತಿ, ಧರ್ಮ ನಮಗೆ ಇಂದಿಗೂ ಗೊತ್ತಿಲ್ಲ.

ಹದಿನೇಳು ದಿನ ಐಸಿಯು. ಹೊರಗಿನ ಬೆಂಚಿನ ಮೇಲೆ ನಾವು, ಖಾನಾಪುರದ ಮನೆಯಲ್ಲಿ ಜಪಸರ ಹಿಡಿದ ಅವ್ವ. ಗುರುಗಳು ಬಂದು ಅಣ್ಣನಿಗೆ ರೋಗಿಗಳ ಅಭ್ಯಂಗ ಸಂಸ್ಕಾರ ಕೊಟ್ಟರು. ವೈದ್ಯರು ಆಸೆಯನ್ನೂ ಕೊಡಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ಹನ್ನೆರಡನೆಯ ದಿನ ಅಣ್ಣ ಕಣ್ಣು ತೆರೆದ. ಎಲ್ಲರೂ "ಅದ್ಭುತ" ಎಂದರು. ಊರಿನಲ್ಲಿ ಕೃತಜ್ಞತೆಯ ಬಲಿಪೂಜೆ ಆಯಿತು.

ಸಾಕ್ಷ್ಯಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ನಮ್ಮ ಮನೆಯ ವಿಶ್ವಾಸದ ಪರೀಕ್ಷೆ ಶುರುವಾದದ್ದು ಮಾತ್ರ ಆಮೇಲೆ.

ಮನೆಗೆ ಬಂದವನು ಯಾರು?

ಬಲಗೈಯಲ್ಲಿ ಬಲ ಇರುವುದಿಲ್ಲ, ಮಾತು ತಡವರಿಸುತ್ತದೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಅದಕ್ಕೆ ನಾವು ಸಿದ್ಧರಿದ್ದೆವು. ಸಿದ್ಧರಿಲ್ಲದಿದ್ದದ್ದು ಅವನ ಸಿಟ್ಟಿಗೆ. ಎಂದೂ ದನಿ ಏರಿಸದ ಅಣ್ಣ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಾಟು ಎಸೆದ. ಮಕ್ಕಳ ಮುಂದೆಯೇ ವೈನಿಗೆ ಬಾಯಿಗೆ ಬಂದಂತೆ ಬೈದ. ಓಣಿಯಲ್ಲಿ ಒಬ್ಬರು ತೀರಿಕೊಂಡಾಗ ಹೆಣದ ಮುಂದೆ ನಿಂತು ನಕ್ಕ. ಅರ್ಧ ಗಂಟೆಯ ನಂತರ ಯಾವುದೂ ಅವನ ನೆನಪಿನಲ್ಲಿರುತ್ತಿರಲಿಲ್ಲ.

ಒಂದು ರಾತ್ರಿ ವೈನಿ ಅಡಿಗೆಮನೆಯ ಬಾಗಿಲಲ್ಲಿ ಕೂತು ನನಗೆ ಹೇಳಿದರು: "ದೇವರು ಇವರನ್ನ ವಾಪಸ್ ಕೊಟ್ಟ ಅಂತ ಎಲ್ಲಾರೂ ಅಂತಾರ. ಖರೇ ಹೇಳ್ತೀನಿ, ನನ್ನ ಗಂಡನ್ನ ಕೊಟ್ಟಿಲ್ಲ. ಬ್ಯಾರೆ ಯಾರನ್ನೋ ಕಳಿಸ್ಯಾನ."

ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಇವತ್ತಿಗೂ ಪೂರ್ತಿ ಉತ್ತರವಿಲ್ಲ. ಆದರೆ ಈ ಮೂರು ವರ್ಷಗಳಲ್ಲಿ ಕಲಿತಷ್ಟನ್ನು ಇಲ್ಲಿ ಹಂಚಿಕೊಳ್ಳುತ್ತೇನೆ. ಇಂಥ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಇವೆ. ಅವರು ಮಾತಾಡುವುದಿಲ್ಲ, ಅಷ್ಟೇ.

ಮೊದಲು ತಿಳಿಯಬೇಕಾದದ್ದು ಮಿದುಳಿನ ವಿಷಯ. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ನಮ್ಮ ಸಿಟ್ಟಿಗೆ ಲಗಾಮು ಹಾಕುತ್ತದೆ, ಎಲ್ಲಿ ನಗಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ತೂಗುತ್ತದೆ. ಅಲ್ಲಿಗೆ ಪೆಟ್ಟು ಬಿದ್ದರೆ ಲಗಾಮು ಸಡಿಲವಾಗುತ್ತದೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಗೆ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ತಲೆಬುರುಡೆಯನ್ನು ಒಂದು ಕಬ್ಬಿಣದ ಸಲಾಕೆ ತೂರಿಕೊಂಡು ಹೋಯಿತು. ಆತ ಬದುಕಿದ. ಆದರೆ ಗೆಳೆಯರಿಗೆ ಅವನು ಹಳೆಯ ಗೇಜ್ ಎನಿಸಲಿಲ್ಲವೆಂದು ವೈದ್ಯರು ಬರೆದಿಟ್ಟರು. ಈ ಕಥೆಯ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಅದೇ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಗಾಡಿ ಓಡಿಸಿದ. ದಿನವೂ ಒಂದೇ ಹೊತ್ತು, ಒಂದೇ ಕೆಲಸ ಎಂಬ ಕಟ್ಟುನಿಟ್ಟೇ ಅವನನ್ನು ಸುಧಾರಿಸಿರಬೇಕೆಂದು ಈಚಿನ ಕೆಲವು ಸಂಶೋಧಕರು ಹೇಳುತ್ತಾರೆ. ಮಿದುಳಿನ ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ವೇಗವಾಗಿರುತ್ತದೆ. ಆಮೇಲೆ ನಿಧಾನ, ಆದರೆ ವರ್ಷಗಳವರೆಗೂ ಸಾಗಬಹುದು. ಇದು ತಿಳಿದ ಮೇಲೆ ನಮ್ಮ ಮನೆಯಲ್ಲಿ ಏಳುವುದು, ಉಣ್ಣುವುದು, ವ್ಯಾಯಾಮ, ಜಪಸರ ಎಲ್ಲಕ್ಕೂ ಹೊತ್ತು ಗೊತ್ತುಮಾಡಿದೆವು. ತಾಟು ಎಸೆಯುವುದು ಒಂದೇ ದಿನಕ್ಕೆ ನಿಲ್ಲಲಿಲ್ಲ, ಕಡಿಮೆಯಾಯಿತು.

ಪ್ರಾರ್ಥನೆ ಅರ್ಧಕ್ಕೆ ನಿಂತಿತೇ?

ಎರಡನೆಯ ಪ್ರಶ್ನೆ ವಿಶ್ವಾಸದ್ದು. ದೇವರು ನಮ್ಮ ಮೊರೆಯನ್ನು ಅರ್ಧ ಕೇಳಿ ಅರ್ಧ ಬಿಟ್ಟನೇ? ಸಂತ ಮಾರ್ಕನ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನೊಬ್ಬ ಬರುತ್ತಾನೆ. ಯೇಸುಸ್ವಾಮಿ ಅವನನ್ನು ಕೈಹಿಡಿದು ಊರ ಹೊರಗೆ ಕರೆದೊಯ್ದು ಮುಟ್ಟುತ್ತಾರೆ. ಅವನಿಗೆ ಕಾಣತೊಡಗುತ್ತದೆ, ಆದರೆ ಸರಿಯಾಗಿ ಅಲ್ಲ. ನಡೆದಾಡುವ ಜನ ಮರಗಳ ಹಾಗೆ ತೋರುತ್ತಾರೆ. ಸ್ವಾಮಿ ಮತ್ತೊಮ್ಮೆ ಕೈಯಿಡುತ್ತಾರೆ. ಆಗ ಎಲ್ಲವೂ ತಿಳಿಯಾಗಿ ಕಾಣುತ್ತದೆ.

ಈ ಭಾಗವನ್ನು ಚಿಕ್ಕಂದಿನಿಂದ ಕೇಳಿದ್ದರೂ ಆ ಎರಡು ಸ್ಪರ್ಶಗಳ ನಡುವಿನ ಹೊತ್ತನ್ನು ನಾನು ಗಮನಿಸಿರಲಿಲ್ಲ. ಆ ಹೊತ್ತಿನಲ್ಲಿ ಅವನು ಕುರುಡನೂ ಅಲ್ಲ, ಕಣ್ಣುಳ್ಳವನೂ ಅಲ್ಲ. ಅದಕ್ಕಾಗಿ ಅವನು ನಾಚಲಿಲ್ಲ. ಎಲ್ಲ ಚೆನ್ನಾಗಿ ಕಾಣುತ್ತದೆಂದು ಸ್ವಾಮಿಯನ್ನು ಮೆಚ್ಚಿಸಲು ಸುಳ್ಳೂ ಹೇಳಲಿಲ್ಲ. ಕಂಡದ್ದನ್ನು ಕಂಡಂತೆಯೇ ಹೇಳಿದ. ನಮ್ಮ ಮನೆ ಈಗ ಆ ನಡುವಿನ ಹೊತ್ತಿನಲ್ಲಿದೆ. ಎರಡನೆಯ ಸ್ಪರ್ಶ ಈ ಲೋಕದಲ್ಲೇ ಆಗುತ್ತದೋ, ಪುನರುತ್ಥಾನದ ದಿನವೋ ನಾವು ಅರಿಯೆವು. ಆದರೆ ನಡುವಿನ ಹೊತ್ತಿನಲ್ಲೂ ಸ್ವಾಮಿ ಆ ಮನುಷ್ಯನನ್ನು ಬಿಟ್ಟು ಹೋಗಲಿಲ್ಲ ಎಂಬುದು ನಮಗೆ ಸಾಕು.

ಬೈಗುಳಕ್ಕೆ ಯಾರು ಹೊಣೆ?

ವೈನಿಗೆ ಇನ್ನೊಂದು ತೊಳಲಾಟವಿತ್ತು: "ಹಿಂಗ ಬೈದದ್ದು ಅವರಿಗೆ ಪಾಪ ಹತ್ತತೈತೇನು?" ಗುರುಗಳಲ್ಲಿ ವಿಚಾರಿಸಿದೆವು. ಘೋರ ಪಾಪವಾಗಬೇಕಾದರೆ ವಿಷಯ ಗಂಭೀರವಾಗಿರಬೇಕು, ಜೊತೆಗೆ ಪೂರ್ಣ ತಿಳಿವಳಿಕೆ ಮತ್ತು ಮನಃಪೂರ್ವಕ ಒಪ್ಪಿಗೆ ಇರಬೇಕೆಂಬುದು ಧರ್ಮಸಭೆಯ ಹಳೆಯ ಬೋಧನೆ. ಲಗಾಮೇ ಮುರಿದವನನ್ನು ದೇವರು ನಮ್ಮಂತೆ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಅವರು ಸಮಾಧಾನ ಹೇಳಿದರು.

ಆದರೆ ಇಲ್ಲೊಂದು ಎಚ್ಚರ ಬೇಕು. ಅಣ್ಣನ ಹೊಣೆ ಕಡಿಮೆಯಾಯಿತೆಂದು ವೈನಿಯ ನೋವು ಕಡಿಮೆಯಾಗುವುದಿಲ್ಲ. ತಿಳಿಯದೆ ಎಸೆದ ಕಲ್ಲಿನಿಂದಲೂ ರಕ್ತ ಬರುತ್ತದೆ. "ರೋಗ ಮಾತಾಡಸಾಕತ್ತೈತಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದು ನಾನೇ ಎಷ್ಟೋ ಸಲ ಉಪದೇಶ ಮಾಡಿದ್ದೆ. ಬೈಗುಳ ತಿನ್ನುತ್ತಿದ್ದವನು ನಾನಾಗಿರಲಿಲ್ಲ. ಮಕ್ಕಳ ಮೇಲೆ ಕೈಯೆತ್ತುವ ಹಂತ ಬಂದರೆ ಅವರನ್ನು ದೂರ ಕರೆದೊಯ್ದು ಕಾಪಾಡುವುದು ವಿಶ್ವಾಸದ ಕೊರತೆಯಲ್ಲ, ಹೆತ್ತವರ ಕರ್ತವ್ಯ.

ಕಳೆದ ವರ್ಷ ವೈನಿ ಮಕ್ಕಳೊಂದಿಗೆ ಹತ್ತು ದಿನ ತವರಿಗೆ ಹೋದರು. "ಗಂಡನ್ನ ಬಿಟ್ಟು ಹೋದಳು" ಎಂದು ಜನ ಆಡಿಕೊಂಡರು. ನಾಚಿಕೆಯಿಂದ ಬರೆಯುತ್ತಿದ್ದೇನೆ, ನಾನೂ ಒಳಗೊಳಗೆ ಹಾಗೇ ಅಂದುಕೊಂಡೆ. ಅಣ್ಣನ ಜೊತೆ ಆ ಹತ್ತು ರಾತ್ರಿ ಕಳೆದ ಮೇಲೆ ನನಗೆ ಬುದ್ಧಿ ಬಂತು. ಅವ್ವ ಒಂದೇ ಮಾತು ಹೇಳಿದಳು: "ಸೇದಿದ ಬಾವಿಗೂ ಒರತಿ ಬರಾಕ ಯಾಳೆ ಬೇಕಪಾ." ವೈನಿ ಮರಳಿ ಬಂದರು. ಅಂದಿನಿಂದ ವಾರದಲ್ಲಿ ಎರಡು ರಾತ್ರಿ ನನ್ನ ಪಾಳಿ. ಇದನ್ನು ಮೊದಲ ತಿಂಗಳಲ್ಲೇ ಮಾಡಬೇಕಿತ್ತು.

ಗುಣವೇ ಆಗದಿದ್ದರೆ?

ಅಣ್ಣ ನಡೆಯುತ್ತಾನೆ, ಉಣ್ಣುತ್ತಾನೆ. ಎಂದೂ ಎಚ್ಚರಗೊಳ್ಳದವರ ಮನೆಗಳಿವೆ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರಂದು ವಾರ್ಡ್ ಕೆಲಸಗಾರನೊಬ್ಬ ನಾಯಿಯ ಸರಪಳಿಯಿಂದ ಕತ್ತು ಬಿಗಿದು ಅವರ ಮೇಲೆ ಅತ್ಯಾಚಾರ ಮಾಡಿದ. ಮಿದುಳಿಗೆ ಆಮ್ಲಜನಕ ನಿಂತುಹೋಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಹೆಚ್ಚು ಕಾಲ, ಅವರು ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರಿಗೆ ಆಹಾರ ನಿಲ್ಲಿಸಲು ಅನುಮತಿ ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಿರಸ್ಕರಿಸಿತು. ಆಸ್ಪತ್ರೆಯ ಸಿಬ್ಬಂದಿಯೇ ಅವರು ಬದುಕಲಿ ಎಂದು ಕೇಳಿಕೊಂಡಿದ್ದರು. ಅಷ್ಟು ವರ್ಷ ಹಾಸಿಗೆ ಹಿಡಿದ ಆ ದೇಹಕ್ಕೆ ಹಾಸಿಗೆಹುಣ್ಣು ಆಗದಂತೆ ನರ್ಸ್‌ಗಳು ನೋಡಿಕೊಂಡರು. ಅವರಲ್ಲಿ ಎಷ್ಟೋ ಮಂದಿ ಅರುಣಾ ಆರೋಗ್ಯದಿಂದಿದ್ದಾಗ ಅವರನ್ನು ಕಂಡವರೇ ಅಲ್ಲ.

ಅವರು ಸೇವೆ ಮಾಡಿದ್ದು ಯಾರಿಗೆ? ಗುರುತಿಸದ, ಮಾತಾಡದ, ಕೃತಜ್ಞತೆ ಹೇಳದ ಒಬ್ಬರಿಗೆ. ನೆನಪು ಹೋದರೂ, ಸ್ವಭಾವ ಬದಲಾದರೂ ವ್ಯಕ್ತಿ ವ್ಯಕ್ತಿಯೇ ಎಂದು ಧರ್ಮಸಭೆ ಬೋಧಿಸುವುದನ್ನು ಆ ವಾರ್ಡಿನವರು ಕೈಯಿಂದ ಮಾಡಿ ತೋರಿಸಿದರು. ಜಗದ್ಗುರು ಎರಡನೆಯ ಜಾನ್ ಪೌಲರು 2004ರ ಮಾರ್ಚ್ 20ರಂದು ಮಾಡಿದ ಭಾಷಣದಲ್ಲಿ ಇದನ್ನೇ ಸ್ಪಷ್ಟಪಡಿಸಿದರು: ಎಚ್ಚರ ಮರಳದ ರೋಗಿಯೂ ಪೂರ್ಣ ಮನುಷ್ಯನೇ, ಅನ್ನ ನೀರು ಕೊಡುವುದು ತಾತ್ತ್ವಿಕವಾಗಿ ಸಹಜ ಆರೈಕೆಯ ಭಾಗ. ಹಾಗೆಂದು ಸಾವನ್ನು ಎಳೆದಾಡುತ್ತಾ ಫಲವಿಲ್ಲದ, ಹೊರಲಾಗದ ಚಿಕಿತ್ಸೆಯನ್ನೆಲ್ಲ ಮಾಡಿಸಲೇಬೇಕೆಂದು ಧರ್ಮಸಭೆ ಹೇಳುವುದಿಲ್ಲ. ಅಂಥ ಯಂತ್ರಗಳನ್ನು ಬೇಡವೆಂದವರು ಪ್ರೀತಿಯಿಲ್ಲದವರಲ್ಲ. ಕೊಲ್ಲುವುದು ಬೇರೆ, ಸಾವನ್ನು ಒಪ್ಪಿಕೊಳ್ಳುವುದು ಬೇರೆ. ಇಂಥ ತೀರ್ಮಾನದ ಮುಂದೆ ನಿಂತ ಕುಟುಂಬ ವೈದ್ಯರನ್ನೂ ಗುರುಗಳನ್ನೂ ಒಟ್ಟಿಗೆ ಕೂರಿಸಿ ಕೇಳುವುದು ಒಳ್ಳೆಯದು.

ಆದರೆ ಇದನ್ನೆಲ್ಲ ವೈನಿಯ ಮಾತಿಗೆ ಉತ್ತರವೆಂದು ನಾನು ಹೇಳಲಾರೆ. ಲಾಜರನನ್ನು ಎಬ್ಬಿಸಲು ಬಂದ ಯೇಸುವೇ ಮೊದಲು ಅತ್ತರು. ಬದುಕಿರುವ ಗಂಡನಿಗಾಗಿ, ಅವನಲ್ಲಿ ಕಳೆದುಹೋದದ್ದಕ್ಕಾಗಿ, ಹೆಂಡತಿ ಅಳಬಹುದು. ಅದು ಕೃತಘ್ನತೆಯಲ್ಲ.

ಉಳಿದ ಜಪ

ಮನೆಗೆ ಬಂದ ಮೊದಲ ತಿಂಗಳು ಅಣ್ಣನಿಗೆ "ನೀರು" ಎನ್ನಲು ಬರುತ್ತಿರಲಿಲ್ಲ. ಕರಣಿಯನ್ನು ತೋರಿಸಿದರೆ, ಮೂವತ್ತು ವರ್ಷ ಹಿಡಿದ ಉಪಕರಣದ ಹೆಸರು ಸಿಗದೆ ಕಣ್ಣೀರು ಹಾಕುತ್ತಿದ್ದ. ಒಂದು ಸಂಜೆ ನಾವೆಲ್ಲ ಜಪಸರ ಹೇಳುತ್ತಿದ್ದೆವು. ಅವ್ವ ನಮೋ ಮರಿಯ ಜಪದ ಮೊದಲರ್ಧ ಹೇಳಿದಳು. ಉಳಿದರ್ಧ ಗೋಡೆಯ ಪಕ್ಕದ ಮಂಚದಿಂದ ಕೇಳಿಬಂತು. ಅಣ್ಣ ಒಂದು ಅಕ್ಷರ ತಪ್ಪದೆ ಹೇಳುತ್ತಿದ್ದ.

ನಾವು ಅದನ್ನೂ ಅದ್ಭುತವೆಂದೆವು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಮೆಲ್ಲಗೆ ವಿವರಿಸಿದಳು: ಸಾವಿರ ಸಲ ಹೇಳಿ ಬಾಯಿಪಾಠವಾದ ಪ್ರಾರ್ಥನೆ, ಹಾಡು, ಎಣಿಕೆ ಇವು ಹೊಸ ಮಾತು ಕಟ್ಟುವ ದಾರಿಯಲ್ಲೇ ಬರಬೇಕೆಂದಿಲ್ಲ, ಮಾತು ಕಳೆದುಕೊಂಡ ಎಷ್ಟೋ ರೋಗಿಗಳಲ್ಲಿ ಅವು ಉಳಿದಿರುತ್ತವೆ. ಹಾಗಾದರೆ ಅದು ಬರೀ ಅಭ್ಯಾಸಬಲವೇ, ಪ್ರಾರ್ಥನೆಯೇ? ಬಹಳ ದಿನ ಯೋಚಿಸಿದೆ. ಆ ಜಪ ಅವನೊಳಗೆ ತಾನಾಗಿ ಹೋಗಿರಲಿಲ್ಲ. ಅವ್ವ ಚಿಮಣಿಯ ಬೆಳಕಿನಲ್ಲಿ, ನಿದ್ದೆಗಣ್ಣಿನ ಹುಡುಗನನ್ನು ತಟ್ಟಿ ಎಬ್ಬಿಸುತ್ತಾ, ವರ್ಷಗಟ್ಟಲೆ ಇಟ್ಟದ್ದು ಅದು. ಕಪೆರ್ನವುಮಿನಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಮಂಚಸಹಿತ ಹೊತ್ತು ತಂದು ಮಾಡಿನಿಂದ ಇಳಿಸಿದಾಗ ಯೇಸು ನೋಡಿದ್ದು ಹೊತ್ತವರ ವಿಶ್ವಾಸವನ್ನೂ ಅಲ್ಲವೇ? ತಾನೇ ನಂಬಲಾರದವನನ್ನು ಮನೆಯವರ ವಿಶ್ವಾಸ ಹೊರುತ್ತದೆ. ಆ ಮನೆಯವರೂ ದಣಿದಾಗ ಅವರನ್ನು ಹೊರುವವರು ಯಾರು? ಆ ಪ್ರಶ್ನೆ ಧರ್ಮಕೇಂದ್ರದ್ದು, ಅಂದರೆ ನಮ್ಮೆಲ್ಲರದು.

ಆದುದರಿಂದ, ಪ್ರಿಯ ಓದುಗರೇ, ಇಂಥ ಮನೆ ನಿಮ್ಮ ಓಣಿಯಲ್ಲಿದ್ದರೆ ಪೂರ್ತಿ ಗುಣವಾಯಿತೇ ಎಂದು ಕೇಳಬೇಡಿ. ಒಂದು ಗಂಟೆ ರೋಗಿಯ ಹತ್ತಿರ ಕೂರಿ. ಆ ಹೊತ್ತಿನಲ್ಲಿ ಮನೆಯಾಕೆ ಪೂಜೆಗೆ ಹೋಗಿ ಬರಲಿ, ಇಲ್ಲವೇ ನಿದ್ದೆ ಮಾಡಲಿ. ರೋಗಿ ಒರಟಾಗಿ ಮಾತಾಡಿದರೆ ಅದನ್ನು ಊರಿಗೆ ಹರಡಬೇಡಿ. ರಸ್ತೆಯಲ್ಲಿ ಬಿದ್ದವರನ್ನು ಕಂಡರೆ ಕೇಸಿಗೆ ಹೆದರಿ ದಾಟಿ ಹೋಗಬೇಡಿ. ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುವ ಕಲಮನ್ನು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಲಾಗಿದೆ. ಹೆಲ್ಮೆಟನ್ನು ಹಿಡಿಕೆಗಲ್ಲ, ತಲೆಗೆ ಹಾಕಿ.

ಮೊನ್ನೆ ಮನೆಯ ಹಿತ್ತಲ ಗೋಡೆ ಮಳೆಗೆ ಕುಸಿದಿತ್ತು. ಬೇರೆ ಗೌಂಡಿ ಬಂದು ಕಟ್ಟುತ್ತಿದ್ದ. ಅಣ್ಣ ಬಹಳ ಹೊತ್ತು ನೋಡುತ್ತಾ ನಿಂತ. ಆಮೇಲೆ ಎಡಗೈಯಲ್ಲಿ ಗುಂಡು ಕಟ್ಟಿದ ದಾರ ಹಿಡಿದು ಗೋಡೆಗೆ ಇಳಿಬಿಟ್ಟು, "ವಾಲೈತಿ" ಎಂದ. ನಿಜವಾಗಿಯೂ ವಾಲಿತ್ತು. ವೈನಿ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ. ಸಂಜೆ ಮತ್ತೆ ಅಣ್ಣ ಯಾವುದಕ್ಕೋ ಸಿಟ್ಟಾದ, ಮಲಗಿಸಿದೆವು.

ಬರುವ ಭಾನುವಾರ ಮೆಟ್ಟಿಲ ಬಳಿ ಯಾರಾದರೂ ಕೇಳಿದರೆ ನಾನು ಹೇಳುವ ಉತ್ತರ ಈಗ ಸಿದ್ಧವಿದೆ: "ಇನ್ನೂ ಆರಾಮ ಆಗಾಕತ್ತಾರ್ರಿ. ನಾವೂ ಆಗಾಕತ್ತೀವಿ. ಸಂಜೀಕ ಮನೀ ಕಡೆ ಬರ್ರಿ."