ನಾಮಕರಣದ ಧರ್ಮ

ವಸ್ತುವನ್ನು ನಿರ್ಮಿಸಿದವನನ್ನು ಲೋಕವು ಕೊಂಡಾಡುವುದು. ಅದು ಬೇಕಾದವನ ಕೈಗೆ ದೊರೆಯುವಂತೆ ತಕ್ಕ ಹೆಸರಿನಿಂದ ಗುರುತಿಸಿ ಇಟ್ಟವನ ಶ್ರಮವನ್ನು ಎಣಿಸುವವರು ವಿರಳ. ಆದರೆ ಹುಡುಕಿದರೂ ದೊರೆಯದ ವಸ್ತುವು ಹುಡುಕುವವನ ಪಾಲಿಗೆ ಇಲ್ಲದ ವಸ್ತುವೇ ಸರಿ. ಹೀಗಿರಲು, ಹೆಸರಿಡುವ ಕಾರ್ಯದಲ್ಲಿಯೂ ಧರ್ಮಾಧರ್ಮಗಳ ವಿವೇಚನೆಗೆ ಎಡೆಯುಂಟೆಂಬುದು ವಿಚಾರಾರ್ಹವಾಗಿದೆ.

ಇದಕ್ಕೆ ಈ ಕಾಲದ ನಿದರ್ಶನವೊಂದುಂಟು. 1993ರಲ್ಲಿ ಅಮೆರಿಕಾದಲ್ಲಿ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿಯು ಆರಂಭಿಸಿದ ಡೆಬಿಯನ್ ಎಂಬುದು, ಗಣಕಯಂತ್ರಕ್ಕೆ ಬೇಕಾದ ತಂತ್ರಾಂಶಗಳನ್ನು ಸ್ವಯಂಸೇವಕರು ಒಟ್ಟುಗೂಡಿಸಿ ಲೋಕಕ್ಕೆ ಒಪ್ಪಿಸುವ ಮಹಾಭಂಡಾರ. ಅದರಲ್ಲಿನ ಒಂದೊಂದು ಕಟ್ಟಿಗೂ ಪ್ಯಾಕೇಜು ಎಂದು ಹೆಸರು. 2023ರಲ್ಲಿ ಹೊರಟ ಆವೃತ್ತಿಯಲ್ಲಿ ಇವು 64,000ಕ್ಕೂ ಮಿಕ್ಕಿದ್ದುವು. ಒಂದು ಪ್ಯಾಕೇಜಿಗೆ ಒಂದೇ ವಿಭಾಗವೆಂಬುದು ಅಲ್ಲಿಯ ಹಳೆಯ ಕ್ರಮ. ಆಟದ ಮೂಲಕ ಮಕ್ಕಳಿಗೆ ಗಣಿತವನ್ನು ಕಲಿಸುವ ತಂತ್ರಾಂಶವೊಂದಿದ್ದರೆ ಅದರ ಸ್ಥಾನವು ಆಟದಲ್ಲಿಯೋ ವಿದ್ಯೆಯಲ್ಲಿಯೋ? ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಹುಡುಕುವವನು ಬರಿಗೈಯಿಂದ ಹಿಂದಿರುಗುವನು.

ಈ ತೊಡಕಿಗೆ ಪರಿಹಾರವಾಗಿ ಅಲ್ಲಿ ಡೆಬ್‌ಟ್ಯಾಗ್ಸ್ ಎಂಬ ಏರ್ಪಾಡು ಹುಟ್ಟಿತು. ಇದರ ಪಾತ್ರವೇನು, ಉಪಯೋಗವೇನು, ಯಾವ ಬಗೆಯ ಕಡತಗಳೊಡನೆ ವ್ಯವಹರಿಸುವುದು, ಯಾವ ಗಣಕಭಾಷೆಯಲ್ಲಿ ರಚಿತವಾಗಿದೆ ಎಂದು ನಾನಾ ಮುಖಗಳಿಂದ ನೋಡಿ, ಒಂದೇ ಪ್ಯಾಕೇಜಿಗೆ ಹಲವು ಗುರುತುಗಳನ್ನು ಕೊಡುವುದು ಇದರ ರೀತಿ. ಈ ಮುಖಭೇದದ ತತ್ತ್ವವನ್ನು ಗ್ರಂಥಾಲಯಶಾಸ್ತ್ರದಲ್ಲಿ ಬೆಳಗಿಸಿದವರು ಎಸ್. ಆರ್. ರಂಗನಾಥನ್ ಅವರು. ಅವರ ಕೋಲನ್ ವರ್ಗೀಕರಣವು 1933ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. 1962ರಲ್ಲಿ ಬೆಂಗಳೂರಿನಲ್ಲಿ ಅವರು ಈ ಶಾಸ್ತ್ರಕ್ಕಾಗಿ ಶಿಕ್ಷಣಕೇಂದ್ರವೊಂದನ್ನೂ ಸ್ಥಾಪಿಸಿದರು.

ಇಲ್ಲೊಂದು ಪೂರ್ವಪಕ್ಷವೇಳುವುದು: ಸ್ವಂತ ಇಚ್ಛೆಯಿಂದ ದುಡಿಯುವವರಿಗೆ ಮನಬಂದ ಹೆಸರನ್ನಿಡುವ ಸ್ವಾತಂತ್ರ್ಯವಿರಬಾರದೇಕೆ? ಎಲ್ಲರೂ ಒಪ್ಪಿದ ಪದಪಟ್ಟಿಯ ಕಟ್ಟು ಅವರಿಗೇಕೆ? ಉತ್ತರವು ಸುಲಭ. ಶಬ್ದಕ್ಕೆ ಅರ್ಥವನ್ನು ತಿಳಿಸುವ ಶಕ್ತಿಯು ಸಂಕೇತದಿಂದ ಬರುವುದೆಂದು ನೈಯಾಯಿಕರು ಹೇಳುವರು. ಒಬ್ಬನು ಚಿತ್ರವೆಂದೂ, ಒಬ್ಬನು ಪಟವೆಂದೂ, ಮತ್ತೊಬ್ಬನು ಬಿಂಬವೆಂದೂ ಬರೆದರೆ ಮೂವರೂ ತಮ್ಮೊಡನೆ ತಾವೇ ಮಾತಾಡಿಕೊಂಡಂತಾಯಿತು. ಒಪ್ಪಂದದಲ್ಲಿ ಕಳೆದುಕೊಳ್ಳುವುದು ಸ್ವಾತಂತ್ರ್ಯವಲ್ಲ, ಹಠಮಾತ್ರ.

ಆದರೆ ಪದಪಟ್ಟಿಯು ಸಮನಾಗಿದ್ದರೂ ಅದನ್ನು ಬಳಸುವ ಮನಸ್ಸು ಶುದ್ಧವಾಗಿರಬೇಕು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ತರ್ಕಶಾಸ್ತ್ರವು ಹೇಳುತ್ತದೆ. ಇರುವ ಗುಣವನ್ನು ಸೂಚಿಸದೆ ಬಿಡುವ ಅವ್ಯಾಪ್ತಿಗೆ ಬಹುಶಃ ಆಲಸ್ಯವೇ ಮೂಲ. ತನ್ನ ಕೃತಿಯು ಎಲ್ಲರ ಕಣ್ಣಿಗೂ ಬೀಳಲೆಂದು ಸಲ್ಲದ ಕಡೆಗೂ ಹೆಸರನ್ನು ಚಾಚುವ ಅತಿವ್ಯಾಪ್ತಿಗೆ ಅಭಿಮಾನವೇ ಮೂಲ. ಎಳ್ಳಷ್ಟೂ ಹೊಂದದ ಹೆಸರನ್ನಿಡುವ ಅಸಂಭವವು, ತಿಳಿದು ಮಾಡಿದರೆ, ಅಸತ್ಯವೇ. ಶಾಸ್ತ್ರದ ದೋಷವು ಹೀಗೆ ಶೀಲದ ದೋಷವಾಗಿ ಪರಿಣಮಿಸುವುದು. ಇದರ ನಷ್ಟವಾದರೋ ಹೆಸರಿಟ್ಟವನಿಗಲ್ಲ. ಎಲ್ಲಿಯೋ ಕುಳಿತು ಹುಡುಕುತ್ತಿರುವ, ತನಗೆ ಏನು ತಪ್ಪಿತೆಂದು ಅರಿಯದ, ಆದಕಾರಣ ದೂರುವುದಕ್ಕೂ ಶಕ್ತನಲ್ಲದ ಅಪರಿಚಿತನಿಗೆ.

ಕಾಣದವನಿಗೆ ಮಾಡಿದ ಅನ್ಯಾಯವನ್ನು ಕೇಳುವವರಿಲ್ಲ. ಕಾಣದವನಿಗೆ ಮಾಡಿದ ಉಪಕಾರಕ್ಕೆ ವಂದನೆಯೂ ಬಾರದು. ಹೆಸರಿಡುವವನ ಪ್ರಾಮಾಣಿಕತೆಯು ಪರೀಕ್ಷಿತವಾಗುವುದು ಇಲ್ಲಿಯೇ. ವಸ್ತುವು ಅದನ್ನು ರಚಿಸಿದವನದಾಗಿರಬಹುದು; ಅದರ ಸರಿಯಾದ ಹೆಸರು ಮಾತ್ರ ಅದನ್ನು ಹುಡುಕಿಕೊಂಡು ಬರುವವನಿಗೆ ಸಲ್ಲತಕ್ಕ ಋಣ.